ಭಾಗ್ಯಕ್ಕನ ವ್ಯಾನಿಗೆ ಎರಡು ಕಾವಲು

ಬೆಳಗಿನ ಜಾವ ಐದಕ್ಕೆ ಇನ್ನೂ ಹತ್ತು ನಿಮಿಷವಿದೆ. ಬಾಗಲೂರಿನ ಹಾಲಿನ ಡೇರಿಯ ಮುಂದೆ ಕ್ಯಾನುಗಳ ಸದ್ದು ಆಗಷ್ಟೇ ಶುರುವಾಗಿದೆ. ಭಾಗ್ಯಲಕ್ಷ್ಮಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ತಮ್ಮ ಬಿಳಿ ವ್ಯಾನಿನ ಮುಂದಿನ ಸೀಟನ್ನು ಮೇಲೆತ್ತುತ್ತಾರೆ. ಎಂಜಿನ್ನು ಇರುವುದು ಅದರಡಿಯಲ್ಲೇ. ಆಯಿಲ್ ಕಡ್ಡಿ ಎಳೆದು, ಹಳೇ ಬಟ್ಟೆಯಲ್ಲಿ ಒರೆಸಿ, ಮತ್ತೆ ಅದ್ದಿ ತೆಗೆದು ಟಾರ್ಚಿನ ಬೆಳಕಿಗೆ ಹಿಡಿಯುತ್ತಾರೆ.

"ಮನುಷ್ಯಂಗಾದ್ರೆ ಕೈ ಹಿಡಿದು ನಾಡಿ ನೋಡ್ತಾರಲ್ಲ, ಇದಕ್ಕೆ ಇದೇ ನಾಡಿ" ಎನ್ನುತ್ತಾ ಸೀಟು ಮುಚ್ಚಿ ಅದರ ಮೇಲೆ ಜೋರಾಗಿ ಒಂದು ಏಟು ಹಾಕುತ್ತಾರೆ. "ಚೆನ್ನಾಗವ್ಳೆ. ನಡೀರಿ."

ನಲವತ್ತಾರು ವರ್ಷದ ಭಾಗ್ಯಲಕ್ಷ್ಮಿ ಈ ಕೆಲಸ ಹಿಡಿದು ಒಂಬತ್ತು ವರ್ಷವಾಯಿತು. ಬಾಗಲೂರು ಸುತ್ತಿನ ಆರು ಹೆಣ್ಣುಮಕ್ಕಳನ್ನು ಹೊಸೂರಿನ ಕಾರ್ಖಾನೆಗಳ ಬೆಳಗಿನ ಶಿಫ್ಟಿಗೆ ಮುಟ್ಟಿಸಬೇಕು. ಆಮೇಲೆ ಗುಲಾಬಿ ಹೂವಿನ ಪೆಟ್ಟಿಗೆಗಳನ್ನು ಮಾರುಕಟ್ಟೆಗೆ ಹಾಕಬೇಕು. ಮಧ್ಯಾಹ್ನ ಶಿಫ್ಟು ಬಿಟ್ಟವರನ್ನು ಮತ್ತೆ ಊರಿಗೆ ಕರೆತರಬೇಕು. ದಿನಕ್ಕೆ ನೂರಹತ್ತು ಕಿಲೋಮೀಟರು. ಗುಲಾಬಿ ಬೆಳೆಯುವ ಗಂಡ ಮುರಳಿಕೃಷ್ಣ ಗಾಡಿಯ ತಂಟೆಗೇ ಬರುವುದಿಲ್ಲ. "ಅವ್ರಿಗೆ ರಿವರ್ಸ್ ಗೇರು ಹಾಕೋಕೂ ಬರಾಕಿಲ್ಲ" ಎಂದು ಭಾಗ್ಯಲಕ್ಷ್ಮಿ ಗಂಡನೆದುರೇ ಹೇಳಿ ನಗುತ್ತಾರೆ.

ಮೂರು ವರ್ಷದ ಹಿಂದೆ ಮಾತ್ರ ಆ ನಗು ಒಂದಷ್ಟು ದಿನ ಮಾಯವಾಗಿತ್ತು. ಹೊಸೂರಿಗೆ ಹೋಗುವ ದಾರಿಯಲ್ಲಿ ವ್ಯಾನಿನ ಗೇರ್ ಬಾಕ್ಸ್ ಕಡಕಡ ಸದ್ದು ಮಾಡಿ ನಿಂತುಬಿಟ್ಟಿತು. ಆರೂ ಜನ ಇಳಿದು ಸಿಕ್ಕ ಬಸ್ಸು, ಆಟೋ ಹತ್ತಿ ಓಡಿದರು. ರಿಪೇರಿಗೆ ಇಪ್ಪತ್ತೆಂಟು ಸಾವಿರ ಎಂದ ಮೆಕ್ಯಾನಿಕ್ ಕುಮಾರೇಶ್. ಪ್ರತಿವರ್ಷ ತಪ್ಪದೆ ಕಂತು ಕಟ್ಟಿದ್ದ ಭಾಗ್ಯಲಕ್ಷ್ಮಿ ಧೈರ್ಯವಾಗಿ ವಿಮೆಯವರಿಗೆ ಫೋನು ಮಾಡಿದರೆ, ಸವೆದು ಹಾಳಾದ ಭಾಗಕ್ಕೆ ವಿಮೆ ಬರುವುದಿಲ್ಲ, ಅಪಘಾತವಾದರೆ ಮಾತ್ರ ಎಂಬ ಉತ್ತರ ಬಂತು. ಕೊನೆಗೆ ಕಿವಿಯ ಓಲೆ ಅಡವಿಟ್ಟು ಗಾಡಿ ಬಿಡಿಸಿಕೊಂಡರು.

"ನಂಗೆ ಉರಿದೋಯ್ತು. ಮುಂದಿನ ಸಲ ಕಾನೂನಿಗೆ ಎಷ್ಟು ಬೇಕೋ ಅಷ್ಟೇ ಕಟ್ತೀನಿ, ಮಿಕ್ಕಿದ್ದು ನಾನೇ ಕೂಡಿಡ್ತೀನಿ ಅಂದೆ."

ಆಗ ಅಡ್ಡ ಬಂದವನು ಕುಮಾರೇಶನೇ. ತಮಿಳು ಬೆರೆತ ಕನ್ನಡದಲ್ಲಿ ಅವನು ಹೇಳಿದ್ದನ್ನು ಆಕೆ ಇವತ್ತಿಗೂ ಅವನ ಧಾಟಿಯಲ್ಲೇ ಆಡಿ ತೋರಿಸುತ್ತಾರೆ: "ಅಕ್ಕಾ, ವಂಡಿ ಒಳಗಿಂದ ಕೆಟ್ರೆ ನಿನ್ ಕಾಸು. ಹೊರಗಿಂದ ಏಟು ಬಿದ್ರೆ ಅವರ ಕಾಸು. ಒಂದು ಬಾಗಿಲಿಗೆ ಬೀಗ ಹಾಕಿ ಇನ್ನೊಂದು ತೆಗೆದಿಟ್ಟು ಮಲಗ್ತೀಯಾ?"

ಬೈದುಕೊಂಡೇ ಎರಡನ್ನೂ ಮಾಡಿದರು. ವಿಮೆಯ ಕಂತು ಹಾಗೇ ಮುಂದುವರಿಯಿತು. ಜೊತೆಗೆ ಪ್ರತಿ ಶನಿವಾರ ಅಂಚೆ ಕಚೇರಿಯಲ್ಲಿ ವ್ಯಾನಿನ ಹೆಸರಿಗೆಂದೇ ನಾನೂರು ರೂಪಾಯಿ ಕಟ್ಟತೊಡಗಿದರು. ಹಬ್ಬಕ್ಕೂ ಅದನ್ನು ಮುಟ್ಟಲಿಲ್ಲ. ಆಟೋ ಒಂದು ಬಾಗಿಲು ಗೀರಿ ಹೋದಾಗ ಅದರಿಂದಲೇ ಬಣ್ಣ ಹೊಡೆಸಿದರು. "ಗೀರಿದ್ದಕ್ಕೆ, ತರಚಿದ್ದಕ್ಕೆ ಎಲ್ಲಾ ಇನ್ಶೂರೆನ್ಸ್ ಕೇಳಿದ್ರೆ ಮುಂದಿನ ವರ್ಷ ಕಂತಲ್ಲಿ ಬಿಡೋ ಬೋನಸ್ ಹೋಯ್ತದೆ" ಎಂಬುದನ್ನು ಅಷ್ಟು ಹೊತ್ತಿಗೆ ಕಲಿತಿದ್ದರು.

ಹೋದ ಮೇ ತಿಂಗಳ ಒಂದು ಮಧ್ಯಾಹ್ನ ತೊರಪಲ್ಲಿ ಅಗ್ರಹಾರದ ಬಳಿ ಹುಣಸೆಮರದ ನೆರಳಲ್ಲಿ ವ್ಯಾನು ನಿಲ್ಲಿಸಿ, ಎದುರಿನ ಅಂಗಡಿಯಲ್ಲಿ ಟೀ ಕುಡಿಯುತ್ತಿದ್ದರು. ಗಾಳಿಮಳೆ ಎದ್ದಿತು. ಕೈಯಲ್ಲಿ ಲೋಟ ಇದ್ದಂತೆಯೇ, ಕಣ್ಣೆದುರಿಗೇ ದಪ್ಪ ಕೊಂಬೆಯೊಂದು ಮುರಿದು ವ್ಯಾನಿನ ಮೇಲೆ ಬಿತ್ತು. ಚಾವಣಿ ಸೀಟಿಗೆ ಮುಟ್ಟುವಷ್ಟು ತಗ್ಗಿತು.

"ಒಳಗೆ ಹೆಣ್ಮಕ್ಳು ಯಾರೂ ಇರ್ಲಿಲ್ಲ. ಅದೊಂದೇ ನೋಡಿದ್ದು ನಾನು. ಆಮೇಲೆ ಟೀ ಪೂರ್ತಿ ಕುಡಿದು ಫೋನ್ ಮಾಡ್ದೆ."

ವಿಮೆಯ ಸರ್ವೇಯರು ಬಂದು ಫೋಟೋ ತೆಗೆದುಕೊಂಡರು. ಲಕ್ಷದ ಮೇಲೆ ಹದಿನೆಂಟು ಸಾವಿರದ ಕೆಲಸ. ವಿಮೆಯಿಂದ ತೊಂಬತ್ತೊಂದು ಸಾವಿರ ಬಂತು. ಉಳಿದದ್ದಕ್ಕೆ ಅಂಚೆ ಕಚೇರಿಯ ಖಾತೆ ಒದಗಿತು. ಗಾಡಿ ಶೆಡ್ಡಿನಲ್ಲಿದ್ದ ಹದಿಮೂರು ದಿನವೂ ಅದೇ ದುಡ್ಡಿನಲ್ಲಿ ಇನ್ನೊಂದು ವ್ಯಾನು ಬಾಡಿಗೆಗೆ ಹಿಡಿದು, ಕೊಂಬೆ ಬಿದ್ದ ಮಾರನೇ ಬೆಳಗ್ಗೆಯಿಂದಲೇ ಎಂದಿನಂತೆ ಹುಡುಗಿಯರ ಬಾಗಿಲ ಮುಂದೆ ಹಾರ್ನು ಹೊಡೆದರು. "ಈ ಸಲ ಓಲೆ ಕಿವೀಲೇ ಉಳೀತು" ಎಂದು ಕಿವಿ ಮುಟ್ಟಿ ತೋರಿಸುತ್ತಾರೆ.

ಚಿತ್ರದುರ್ಗದ ಕಡೆಯಿಂದ ಬಂದು ಹೊಸೂರಿನ ಕಾರ್ಖಾನೆಯಲ್ಲಿ ದುಡಿಯುವ, ಆ ಆರು ಜನರಲ್ಲಿ ಒಬ್ಬಳಾದ ಮಾಲಿನಿಗೆ ಆ ಬೆಳಗ್ಗೆ ಚೆನ್ನಾಗಿ ನೆನಪಿದೆ. "ನಾಳೆ ರಜಾನೇ ಗತಿ ಅನ್ಕೊಂಡು ಮಲಗಿದ್ವಿ. ಐದೂಕಾಲಿಗೆ ಅಕ್ಕನ ಹಾರ್ನು! ನಮ್ ಜೊತೆ ಬರೋ ಕೊಂಡಮ್ಮ ಅಂತೂ ಚಪ್ಪಲಿ ಅದಲು ಬದಲು ಹಾಕ್ಕೊಂಡು ಓಡಿ ಬಂದ್ಲು."

ರಿಪೇರಿಯಾದ ವ್ಯಾನು ಹೊರಬಂದ ದಿನ ಆರೂ ಜನ ಸೇರಿ ಅದಕ್ಕೆ ಗುಲಾಬಿ ಹಾರ ಹಾಕಿದರು. ಮಾಲಿನಿ ಕೀಲಿ ಕಸಿದುಕೊಂಡು, ಭಾಗ್ಯಕ್ಕನನ್ನು ಹಿಂದಿನ ಸೀಟಿಗೆ ದಬ್ಬಿ, ತಾನೇ ಊರವರೆಗೆ ಓಡಿಸಿದಳು. ಖಾಲಿ ಲೇಔಟುಗಳಲ್ಲಿ ಭಾನುವಾರಗಳಂದು ಅವಳಿಗೆ ಸ್ಟೀರಿಂಗ್ ಹಿಡಿಯಲು ಕಲಿಸಿದ್ದು ಭಾಗ್ಯಕ್ಕನೇ. ಆದರೂ ದಾರಿಯುದ್ದಕ್ಕೂ "ನಿಧಾನ ಕಣೇ, ಹಳ್ಳ ಐತೆ ಕಣೇ" ಎಂದು ಕೂಗುತ್ತಲೇ ಇದ್ದರಂತೆ.

ಈಗ ಬಾಗಲೂರಿನ ಆಟೋದವರೂ ಗಾಡಿ ಕೆಟ್ಟರೆ ಮೊದಲು ಆಕೆಯನ್ನೇ ಕೇಳುತ್ತಾರೆ: ಇದು ಒಳಗಿನದೋ, ಹೊರಗಿನದೋ? ಅಂಚೆ ಕಚೇರಿಯ ಶನಿವಾರದ ಸಾಲಿನಲ್ಲಿ ಅವರಲ್ಲಿ ನಾಲ್ವರು ಸೇರಿಕೊಂಡಿದ್ದಾರೆ.

ನಿಮಗೇನಾದರೂ ಆಸೆ ಇದೆಯೇ ಎಂದರೆ ನಾಚುತ್ತಾರೆ. "ಒಂದು ಭಾನ್ವಾರ ಈ ಹುಡ್ಗೀರ್ನೆಲ್ಲ ಕೂರಿಸ್ಕೊಂಡು ಕೃಷ್ಣಗಿರಿ ಡ್ಯಾಮಿಗೆ ಹೋಗ್ಬೇಕು. ಬಾಡಿಗೆ ಇಲ್ಲ, ಶಿಫ್ಟ್ ಇಲ್ಲ. ಅಲ್ಲಿ ಮೀನು ಬಿಸಿಬಿಸಿ ಹುರಿದು ಕೊಡ್ತಾರೆ."

"ದಾರೀಲಿ ಗಾಡಿ ಕೆಟ್ರೆ?" ಎಂದು ಮುರಳಿಕೃಷ್ಣ ಛೇಡಿಸುತ್ತಾರೆ.

"ಕೆಟ್ರೆ ಕೆಡ್ಲಿ ಬುಡಿ. ರಿಪೇರಿಗೆ ದುಡ್ಡೈತೆ" ಎನ್ನುತ್ತಾರೆ ಭಾಗ್ಯಲಕ್ಷ್ಮಿ. "ಅದು ಸರಿಯಾಗೋಗಂಟ ಇನ್ನೊಂದು ಮೀನು ತಿಂತೀವಿ."