ಮೂರು ಹೆಸರಿನ ಮುದ್ದಕ್ಕ

ಚಳ್ಳಕೆರೆಯ ಎಣ್ಣೆ ಮಿಲ್ಲೊಂದರಲ್ಲಿ ಮುದ್ದಕ್ಕ ಹತ್ತೊಂಬತ್ತು ವರ್ಷ ಶೇಂಗಾ ಬೀಜ ಆರಿಸಿದಳು. ಗಂಡ ಸತ್ತ ವರ್ಷ ಸೇರಿದವಳು. ಪಕ್ಕದಲ್ಲಿ ಕೂರುತ್ತಿದ್ದವಳು ಮೊಳಕಾಲ್ಮುರು ಕಡೆಯ ಮೂಗಮ್ಮ. ಅವಳ ಎರಡು ಹೆರಿಗೆಗೂ ನೀರು ಕಾಯಿಸಿದ್ದು ಮುದ್ದಕ್ಕನೇ. ಇಬ್ಬರೂ ಒಂದೇ ಬುತ್ತಿಯಲ್ಲಿ ಉಣ್ಣುತ್ತಿದ್ದರು.

2001ರ ಬೇಸಿಗೆಯ ಹೊತ್ತಿಗೆ ಹೊರದೇಶದ ಅಗ್ಗದ ಪಾಮ್ ಎಣ್ಣೆ ಬಂದು ಊರಿನ ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದವು. ಒಂದು ಶನಿವಾರ ಮುದ್ದಕ್ಕನ ಮಿಲ್ಲಿನ ಸಾಹುಕಾರ ಓಂಕಾರಮೂರ್ತಿ ಹದಿನಾಲ್ಕು ಹೆಂಗಸರನ್ನು ಸಾಲಾಗಿ ನಿಲ್ಲಿಸಿದ.

"ನಾಳೆಯಿಂದ ಬರ್ಬ್ಯಾಡ್ರಿ. ಎಲ್ರಿಗೂ ಒಂದೊಂದ್ ಸೀರೆ ತಂದೀನಿ. ತಗಂಡು, ಈ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಹೋಗ್ರಿ."

ಎಲ್ಲರೂ ಒತ್ತಿದರು. ಮುದ್ದಕ್ಕನ ಸರದಿ ಬಂದಾಗ ಯಂತ್ರದ ಹಿಂದೆ ನಿಂತಿದ್ದ ಫಿಟ್ಟರ್ ಚಾಂದ್ ಪಾಷ ಬೇಡವೆಂದು ತಲೆಯಾಡಿಸಿದ. ಅವಳು ಕೈ ಹಿಂದೆ ಸರಿಸಿಕೊಂಡಳು.

"ಏನ್ ಬರ್ದೈತ್ರಿ ಇದ್ರಾಗೆ?"

"ಸೀರೆ ಮುಟ್ಟಿದ್ದಕ್ಕೆ ಗುರುತು."

"ಹಂಗಾದ್ರೆ ನಂಗೆ ಸೀರೆ ಬ್ಯಾಡ್ರಿ."

ಗೇಟಿನ ಹೊರಗೆ ಚಾಂದ್ ಪಾಷ ಅವಳಿಗೆ ವಿಷಯ ತಿಳಿಸಿದ. "ನಾವೇ ಖುಷಿಯಿಂದ ಕೆಲಸ ಬಿಟ್ವಿ ಅಂತ ಬರ್ದೈತೆ ಅಕ್ಕ. ಅವರಾಗೇ ತೆಗೀಬೇಕಂದ್ರೆ ಒಂದು ತಿಂಗಳು ಮುಂಚೆ ನೋಟಿಸ್ ಕೊಡ್ಬೇಕು, ಇಲ್ಲಾ ಆ ತಿಂಗಳ ಕೂಲಿ ಕೊಡ್ಬೇಕು. ದುಡಿದ ಒಂದೊಂದು ವರ್ಷಕ್ಕೂ ಹದಿನೈದು ದಿನದ ಕೂಲಿ ಪರಿಹಾರ. ಇದು ಕಾನೂನು, ಭಿಕ್ಷೆ ಅಲ್ಲ."

ಮುದ್ದಕ್ಕ ಚಿತ್ರದುರ್ಗಕ್ಕೆ ಹೋಗಿ ಕಾರ್ಮಿಕ ಅಧಿಕಾರಿಗೆ ಅರ್ಜಿ ಕೊಟ್ಟಳು. ಅಧಿಕಾರಿ ಎರಡೂ ಕಡೆಯವರನ್ನು ಕರೆಸಿದರು. ಸಾಹುಕಾರ ಹಾಜರಿ ಪುಸ್ತಕ ಮತ್ತು ಕೂಲಿ ಬಟವಾಡೆ ಪುಸ್ತಕಗಳನ್ನು ಹೊತ್ತು ತಂದಿದ್ದ. ಅಧಿಕಾರಿ ಅವನ್ನು ಬಹಳ ಹೊತ್ತು ತಿರುವಿದರು.

"ವರ್ಷಕ್ಕೆ ಇನ್ನೂರ ನಲವತ್ತು ದಿನ ಕೆಲಸ ಮಾಡಿದ್ದರೆ ಪರಿಹಾರ ಕೇಳಬಹುದಮ್ಮ. ನಿಮಗೆ ವರ್ಷಕ್ಕೆ ನೂರು ಚಿಲ್ಲರೆ ದಿನ ಮಾತ್ರ ಇದೆ."

"ವರ್ಷಪೂರ್ತಿ ಹೋಗೀನಿ ಸಾಮಿ! ಜ್ವರ ಬಂದಾಗ್ಲೂ ಹೋಗೀನಿ."

"ಇದರಲ್ಲಿ ಮುದ್ದಕ್ಕ ಅಂತ ನಾಲ್ಕು ತಿಂಗಳು ಇದೆ. ಆಮೇಲೆ ಮುದ್ದಮ್ಮ, ಆಮೇಲೆ ಮುದ್ದವ್ವ."

"ಮೂರೂ ನಾನೇ!"

ಯಾವ ಹೆಸರಿಗೂ ಇನ್ನೂರ ನಲವತ್ತು ದಿನ ತುಂಬದಂತೆ ಮಿಲ್ಲಿನ ಗುಮಾಸ್ತ ಮರುಳಪ್ಪ ಪ್ರತಿ ವರ್ಷವೂ ನಾಲ್ಕು ತಿಂಗಳಿಗೊಮ್ಮೆ ಹೆಸರು ಬದಲಿಸಿ ಬರೆದಿದ್ದ. ಓದಲು ಬಾರದ ಮುದ್ದಕ್ಕ, ಹತ್ತೊಂಬತ್ತು ವರ್ಷ ಅವನು ತೋರಿಸಿದ ಜಾಗದಲ್ಲೆಲ್ಲ ಹೆಬ್ಬೆಟ್ಟು ಒತ್ತಿದ್ದಳು. ಸಾಹುಕಾರ ನಕ್ಕ. "ಇವ್ಳಿಗೆ ಮರುಳು ಹಿಡ್ದೈತೆ ಸಾರ್. ಮುದ್ದವ್ವ ಗುಳೆ ಹೋದ್ಲು. ಮುದ್ದಮ್ಮ ಇಲ್ಲೇ ಅದಾಳೆ, ಕರ್ಕಂಡ್ ಬಂದೀನಿ."

ಬಾಗಿಲಲ್ಲಿ ಮೂಗಮ್ಮ ನಿಂತಿದ್ದಳು. ಸಾಹುಕಾರ ಕೊಟ್ಟ ಸೀರೆಯನ್ನೇ ಉಟ್ಟಿದ್ದಳು.

"ನಿಮ್ಮ ಹೆಸರೇನಮ್ಮ?" ಎಂದರು ಅಧಿಕಾರಿ.

"ಮುದ್ದಮ್ಮ ಸಾಮಿ."

"ಏ ಮೂಗಿ," ಎಂದಳು ಮುದ್ದಕ್ಕ, "ನನ್ ಮಕ ನೋಡಿ ಹೇಳೇ."

ಮೂಗಮ್ಮ ನೋಡಿದಳು. "ಮುದ್ದಮ್ಮ," ಎಂದು ಇನ್ನೊಮ್ಮೆ ಹೇಳಿದಳು. ಮುದ್ದಕ್ಕನ ಜೊತೆ ಬಂದಿದ್ದ ಚಾಂದ್ ಪಾಷನನ್ನು ಅಧಿಕಾರಿ ಕೇಳಿದಾಗ ಅವನು ಮಾತ್ರ ಇದ್ದದ್ದನ್ನು ಇದ್ದಂತೆ ಹೇಳಿದ.

ಮರುದಿನವೇ ಮೂಗಮ್ಮನಿಗೆ ಮಿಲ್ಲಿನಲ್ಲಿ ಕೆಲಸ ವಾಪಸ್ಸು ಸಿಕ್ಕಿತು. ಅದೇ ವಾರ ಚಾಂದ್ ಪಾಷನ ಕೆಲಸ ಹೋಯಿತು. ರಾಜಿ ಆಗದೆ ವಿಷಯ ಕಾರ್ಮಿಕ ನ್ಯಾಯಾಲಯಕ್ಕೆ ಹೋಯಿತು.

ಮುದ್ದಕ್ಕ ಹೊಟ್ಟೆಪಾಡಿಗೆ ಮೊಳಕಾಲ್ಮುರಿನ ಮಗಳು ಸರ್ವಮಂಗಳನ ಮನೆ ಸೇರಿ ನೇಕಾರರಿಗೆ ರೇಷ್ಮೆ ನೂಲು ಸುತ್ತಿಕೊಟ್ಟಳು. ಕೋರ್ಟಿನ ವಾಯಿದೆ ಬಂದಾಗಲೆಲ್ಲ ಬಸ್ಸು ಹತ್ತಿದಳು. ಕಣ್ಣು ಮಂಜಾಗಿ ನೂಲು ಹರಿಯತೊಡಗಿದ ಮೇಲೆ ನೇಕಾರ, "ಸಾಕಮ್ಮ, ಇನ್ ಬರ್ಬ್ಯಾಡ," ಎಂದ. ಅಲ್ಲಿ ಪರಿಹಾರ ಕೇಳಲು ಹಾಜರಿ ಪುಸ್ತಕವೂ ಇರಲಿಲ್ಲ.

ಮೊಕದ್ದಮೆಯ ನಾಲ್ಕನೇ ವರ್ಷ ಚಾಂದ್ ಪಾಷನಿಗೆ ಒಂದು ಹೊಳೆಯಿತು. ಅವನು ವಕೀಲರಿಗೆ, "ಮೂರು ಹೆಸರಿನ ಮುಂದೂ ಹೆಬ್ಬೆಟ್ಟು ಐತಲ್ಲ ಸಾರ್? ಹೆಸರು ಬದಲಾಯಿಸಬೋದು, ಬೆರಳು ಬದಲಾಯಿಸೋಕಾಗ್ತೈತಾ?" ಎಂದ. ನ್ಯಾಯಾಲಯ ಗುರುತುಗಳನ್ನು ತಜ್ಞರಿಗೆ ಕಳಿಸಿತು. ಮೂರೂ ಒಂದೇ ಬೆರಳಿನವು, ಮುದ್ದಕ್ಕನವು ಎಂದು ವರದಿ ಬಂತು.

2007ರಲ್ಲಿ ತೀರ್ಪು ಅವಳ ಪರ ಆಯಿತು. ಕೆಲಸ ವಾಪಸ್ಸು ಕೊಡಲು ಮಿಲ್ಲೇ ಉಳಿದಿರಲಿಲ್ಲ. ಆರು ವರ್ಷದ ಹಿಂದೆ ಸಿಗಬೇಕಾದ ಪರಿಹಾರ ಆಗ ಸಿಕ್ಕಿತು. ವೈದ್ಯರು ಅವಳ ಒಂದು ಕಣ್ಣಿಗೆ ಇನ್ನು ದೃಷ್ಟಿ ಬರುವುದಿಲ್ಲ ಎಂದರು.

ಸುದ್ದಿ ಹಬ್ಬಿತು. ಕೆಲಸ ಕಳೆದುಕೊಂಡವರು ಅವಳನ್ನು ಹುಡುಕಿಕೊಂಡು ಬರತೊಡಗಿದರು. ಓದಿಸದೆ ಹೆಬ್ಬೆಟ್ಟು ಒತ್ತಬೇಡಿ, ಹಾಜರಿಯಲ್ಲಿ ನಿಮ್ಮ ಹೆಸರು ಏನಿದೆ ನೋಡಿಸಿಕೊಳ್ಳಿ ಎಂದು ಅವಳು ಜಗಲಿಯ ಮೇಲೆ ಕೂತು ಬಂದವರಿಗೆಲ್ಲ ಹೇಳುತ್ತಿದ್ದಳು.

ಒಂದು ಮಧ್ಯಾಹ್ನ ಮೂಗಮ್ಮ ಬಂದಳು. ಸಾಹುಕಾರ ಅವಳನ್ನೂ ವರ್ಷ ತುಂಬುವ ಮೊದಲೇ ಕಳಿಸಿಬಿಟ್ಟಿದ್ದ. ಅವಳ ಗಂಡ ಕಾಯಿಲೆಯಿಂದ ಮಲಗಿದಲ್ಲೇ ಇದ್ದ.

"ತಪ್ಪಾತು ಅಕ್ಕಯ್ಯ. ಮಕ್ಳು ಉಪಾಸ ಇದ್ವು. ನಾನೂ ಹತ್ತೊಂಬತ್ತು ವರ್ಷ ದುಡ್ದೀನಿ. ನಂಗೂ ಆ ಕಚೇರಿ ತೋರ್ಸು."

ಮುದ್ದಕ್ಕ ಅವಳನ್ನು ಒಳಗೆ ಕರೆಯಲಿಲ್ಲ.

"ಯಾವ ಹೆಸರಾಗೆ ಅರ್ಜಿ ಹಾಕ್ತೀಯ?" ಎಂದಳು.

ಮೂಗಮ್ಮ ಬಿಸಿಲಲ್ಲಿ ಮೆಟ್ಟಿಲ ಮೇಲೆ ಕೂತೇ ಇದ್ದಳು. ಮುದ್ದಕ್ಕ ಒಳಗೆ ಹೋಗಿ ಮುದ್ದೆ ಉಂಡಳು. ತಟ್ಟೆ ತೊಳೆಯಲು ಹೊರಗೆ ಬಂದಾಗ ಮೆಟ್ಟಿಲು ಖಾಲಿಯಿತ್ತು.

ಚಾಂದ್ ಪಾಷನಿಗೆ ಇದು ತಿಳಿದು ಅವನು ಬೈದ. "ಆಕೆನೂ ದುಡಿದಾಳೆ ಅಕ್ಕ. ನೀನು ಸಾಕ್ಷಿ ಹೇಳಿದ್ರೆ ಕೇಸು ನಿಲ್ತೈತೆ."

"ದುಡಿದಾಳೆ. ಒಂದಿನಾನೂ ತಪ್ಪಿಸ್ಲಿಲ್ಲ. ನಂಗಿಂತ ಚೆನ್ನಾಗಿ ಯಾರಿಗ್ ಗೊತ್ತು?" ಎಂದಳು ಮುದ್ದಕ್ಕ. "ಆದ್ರೆ ನಾನ್ ಹೇಳಲ್ಲ."

ಮೂಗಮ್ಮ ಅರ್ಜಿ ಹಾಕಲಿಲ್ಲ. ಪರಶುರಾಂಪುರದ ಕಡೆ ಈರುಳ್ಳಿ ಕೀಳಲು ಹೋಗುವ ಟ್ರ್ಯಾಕ್ಟರಿನಲ್ಲಿ ಅವಳನ್ನು ಕಂಡವರಿದ್ದಾರೆ.