ಬಾವುಟವಿಲ್ಲದ ನಲವತ್ತು ಮಣೆಗಳು

ಮೊನ್ನೆ ವಿಜಯಪುರದ ಜಲನಗರದ ದವಾಖಾನೆಯೊಂದರಲ್ಲಿ ಬಿ.ಪಿ. ತೋರಿಸಲು ಸರದಿ ಹಿಡಿದು ಕುಳಿತಿದ್ದೆ. ನನ್ನ ಮುಂದೆ ಹನ್ನೊಂದು ಮಂದಿ. ಇಂಥ ಹೊತ್ತಿನಲ್ಲಿ ಮನುಷ್ಯ ಏನೇನೆಲ್ಲ ಓದುತ್ತಾನೆಂಬುದು ನಿಮಗೂ ಗೊತ್ತು. ಗೋಡೆಯ ಮೇಲಿನ ಲಸಿಕೆಯ ಪಟ್ಟಿ ಮುಗಿಯಿತು, ಕೈಯಲ್ಲಿದ್ದ ಗುಳಿಗೆ ಡಬ್ಬಿಯ ಸಣ್ಣಕ್ಷರ ಮುಗಿಯಿತು, ಕೊನೆಗೆ ಯಾರೋ ಬೆಂಚಿನ ಮೇಲೆ ಬಿಟ್ಟುಹೋದ ಪತ್ರಿಕೆಯ ಆಟದ ಪುಟ ಸಿಕ್ಕಿತು. ಅದರ ಮೂಲೆಯಲ್ಲಿ ಬೆರಳಗಲದ ಸುದ್ದಿ. ಯುದ್ಧ ಹೂಡಿದ ದೇಶದ ಚದುರಂಗ ಆಟಗಾರರು ತಮ್ಮ ಬಾವುಟದ ಕೆಳಗೆ ಆಡಬಹುದೇ, ಅಂಥ ದೇಶದವರು ಆಟದ ಜಾಗತಿಕ ಸಂಸ್ಥೆಯ ಅಧ್ಯಕ್ಷ ಗಾದಿಯ ಮೇಲೆ ಕೂಡಬಹುದೇ ಎಂದು ಮತ್ತೆ ವಾದ ಎದ್ದಿದೆಯಂತೆ. ಓದುತ್ತ ಓದುತ್ತ ನನಗೇ ತಿಳಿಯದಂತೆ ನಗುತ್ತಿದ್ದೆನೆಂದು ಕಾಣುತ್ತದೆ. ಪಕ್ಕದಲ್ಲಿ ಕುಳಿತವರು, "ಏನ್ರಿ ಸರ, ಒಬ್ಬರ ನಗಾಕತ್ತೀರಿ? ಇಲ್ಲೇ ಕುಂತ ಬಿಪಿ ಇಳೀತೇನು?" ಎಂದರು.

ನೀವು ಚದುರಂಗ ಆಡದವರಾದರೆ, ಅರವತ್ನಾಲ್ಕು ಮನೆಯ ಆಟಕ್ಕೂ ದೇಶದೇಶಗಳ ಜಗಳಕ್ಕೂ ಏನು ನಂಟು ಎಂದು ಕೇಳುತ್ತೀರಿ. ಮೂವತ್ತೊಂದು ವರ್ಷ ಭೂಗೋಳ ಕಲಿಸಿದ ನಾನೂ ಹಾಗೆಯೇ ತಿಳಿದಿದ್ದೆ. ಯುದ್ಧ ಶುರುವಾದೊಡನೆ ಮೊದಲು ಬಾವುಟ ಹೋಗುತ್ತದೆ. ಹಿಂದೆಯೇ ಹಣ ಕೊಡುವವರು ಹೋಗುತ್ತಾರೆ, ನಿಗದಿಯಾದ ಟೂರ್ನಿ ಬೇರೆ ದೇಶದ ಪಾಲಾಗುತ್ತದೆ. ಕಡೆಗೆ ಗಾದಿಯ ಮೇಲಿದ್ದವರನ್ನು, ನೀವು ಯಾರ ಕಡೆಯವರು ಎಂದು ಎಲ್ಲರೂ ಕೇಳತೊಡಗುತ್ತಾರೆ. ಇದೆಲ್ಲ ದೊಡ್ಡವರ ಪಾಡು, ಸಮುದ್ರದಾಚೆಯ ಪಾಡು ಎಂದುಕೊಂಡಿದ್ದೆ. ಅದು ಕೆಲವು ವರ್ಷಗಳ ಹಿಂದೆ ನೇರವಾಗಿ ನಮ್ಮ ಪಕ್ಕದ ತಿಕೋಟಾಕ್ಕೇ ಬಂತು.

ನಮ್ಮದು ಪುಟ್ಟ ಸಂಘ. ವಿಜಯಪುರದವರು ಕೆಲವರು, ತಿಕೋಟಾದವರು ಕೆಲವರು, ಬಬಲೇಶ್ವರದವರು ಕೆಲವರು. ನಾನು ಕಾರ್ಯದರ್ಶಿ. ಆಟ ಬರುತ್ತದೆಂದು ನನ್ನನ್ನು ಆರಿಸಲಿಲ್ಲ, ಅಕ್ಷರ ದುಂಡಗಿವೆಯೆಂದು ಆರಿಸಿದರು. ನನ್ನ ಕೈಲಿ ಸೋಲದವರು ಸಂಘದಲ್ಲಿಲ್ಲ ಎಂದು ಒಮ್ಮೆಯಾದರೂ ಹೇಳಿಕೊಳ್ಳುವ ಆಸೆ ಇದೆ. ನಿಜ ಹೇಳಬೇಕೆಂದರೆ ನನ್ನನ್ನು ಸೋಲಿಸದವರು ಸಂಘದಲ್ಲಿಲ್ಲ.

ಅಧ್ಯಕ್ಷೆ ತಿಕೋಟಾದ ಶಾಂತವ್ವ. ಐವತ್ತೆಂಟರ ಹೆಣ್ಣುಮಗಳು, ಏಳನೆಯ ಇಯತ್ತೆಗೆ ಸಾಲಿ ಬಿಟ್ಟವರು. ದ್ರಾಕ್ಷಿ ತೋಟವಿದೆ, ಒಣದ್ರಾಕ್ಷಿ ಆರಿಸುವ ದೊಡ್ಡ ಶೆಡ್ಡಿದೆ. ಅವರ ತಂದೆ ಮಿರಜಿನ ಸಂತೆಯಿಂದ ಒಂದು ಮಣೆ ತಂದು ಮಗಳಿಗೆ ಆಟ ಕಲಿಸಿದ್ದರು. ಇಂದಿಗೂ ಶಾಂತವ್ವ ಚೆಸ್ ಎನ್ನುವುದಿಲ್ಲ, "ಬುದ್ಧಿಬಳ" ಎನ್ನುತ್ತಾರೆ. ಹಂಗಾಮು ಮುಗಿದ ಮೇಲೆ ದ್ರಾಕ್ಷಿ ಆರಿಸುವ ಉದ್ದನೆಯ ಮೇಜುಗಳೇ ನಮ್ಮ ಆಟದ ಮೇಜುಗಳು. ಎಷ್ಟು ಒರೆಸಿದರೂ ಅವುಗಳ ಸಿಹಿ ವಾಸನೆ ಹೋಗುತ್ತಿರಲಿಲ್ಲ. ಗಂಭೀರವಾಗಿ ಯೋಚಿಸುತ್ತಿರುವಂತೆ ಕಾಣುವ ಆಟಗಾರ ಅಸಲಿಗೆ ಮೇಜಿನ ಸಂದಿನಲ್ಲಿ ಸಿಕ್ಕಿದ ಒಣದ್ರಾಕ್ಷಿಯೊಂದನ್ನು ಉಗುರಿನಿಂದ ಎಬ್ಬಿಸುತ್ತಿರುತ್ತಾನೆ. ನನ್ನ ಎಷ್ಟೋ ಸೋಲುಗಳಿಗೆ ಇದೇ ಕಾರಣ.

ಆ ವರ್ಷ ಶಾಂತವ್ವ ಪುಣೆಯ ಟೂರ್ನಿಯೊಂದಕ್ಕೆ ಹೋಗಿ ಇರೀನಾ ಎಂಬ ವಿದೇಶಿ ಹೆಣ್ಣುಮಗಳ ಎದುರು ಹದಿನೆಂಟೇ ನಡೆಗೆ ಸೋತು ಬಂದರು. ಇರೀನಾ ಯುದ್ಧ ಹೂಡಿದ ದೇಶದವರು. ಪುಣೆಯಲ್ಲಿ ಮಕ್ಕಳಿಗೆ ಆಟ ಕಲಿಸುತ್ತಿದ್ದರು, ಟೂರ್ನಿಗಳಲ್ಲಿ ಬಾವುಟವಿಲ್ಲದೆ ಆಡುತ್ತಿದ್ದರು. ಸೋತ ಸಿಟ್ಟಿಗೋ ಸಂತೋಷಕ್ಕೋ, ಶಾಂತವ್ವ ಅವರ ಕೈ ಹಿಡಿದು ನಮ್ಮೂರಿಗೆ ಬರಬೇಕೆಂದು ಸನ್ನೆಯಲ್ಲೇ ಒಪ್ಪಿಸಿಬಿಟ್ಟಿದ್ದರು. ಏಕಕಾಲಕ್ಕೆ ನಲವತ್ತು ಮಂದಿಯ ಎದುರು ಅವರೊಬ್ಬರೇ ಆಡುವುದೆಂದು ಗೊತ್ತಾಯಿತು. ನಾನು ಉಮೇದಿನಿಂದ ರಾಜ್ಯದ ಚದುರಂಗ ಸಂಸ್ಥೆಗೆ ತಿಳಿಸಿದೆ. ಉತ್ತರ ಬಂತು: ಆ ದೇಶದ ಹೆಸರು, ಬಾವುಟ ಎಲ್ಲಿಯೂ ಕಾಣಬಾರದು, ಹೆಚ್ಚುಕಮ್ಮಿಯಾದರೆ ಸಂಘದ ಪದಾಧಿಕಾರಿಗಳೇ ಹೊಣೆ.

ಹೊಣೆ ಎಂಬ ಶಬ್ದವನ್ನು ನಾನು ಮೂರು ಸಲ ಓದಿದೆ. ಶಾಂತವ್ವ ಶೆಡ್ಡಿನಲ್ಲಿ ಸಭೆ ಕರೆದರು. ಆ ಸಭೆಗೆ ನಾನು ಎರಡು ಪತ್ರ ಬರೆದು ಎರಡು ಕಿಸೆಗಳಲ್ಲಿ ಇಟ್ಟುಕೊಂಡು ಹೋಗಿದ್ದೆ. ಇರೀನಾ ಅವರಿಗೆ ಒಂದರಲ್ಲಿ ದಯವಿಟ್ಟು ಬನ್ನಿ ಎಂದಿತ್ತು, ಇನ್ನೊಂದರಲ್ಲಿ ದಯವಿಟ್ಟು ಕ್ಷಮಿಸಿ ಎಂದಿತ್ತು. ಗಾಳಿ ಬಂದ ಕಡೆ ತೂರಿಕೊಳ್ಳಲು ನನ್ನಷ್ಟು ತಯಾರಾಗಿ ಯಾರೂ ಬಂದಿರಲಿಲ್ಲ.

ಬಬಲೇಶ್ವರದ ಈರಣ್ಣ ನಮ್ಮ ಉಪಾಧ್ಯಕ್ಷ, ಬೀಜ ಗೊಬ್ಬರದ ಅಂಗಡಿಯವರು. ಮೆದು ಮಾತಿನ ಮನುಷ್ಯ. ಅವರ ಮಗಳು ರೇಖಾ ಡಾಕ್ಟರಿಕೆ ಓದಲು ಹೋಗಿದ್ದು ಯುದ್ಧಕ್ಕೆ ತುತ್ತಾದ ದೇಶಕ್ಕೇ. ಅಲ್ಲಿಂದ ಜೀವ ಉಳಿಸಿಕೊಂಡು ಗಡಿಯವರೆಗೆ ನಡೆದು ಬಂದವಳು. ಅಂದು ಈರಣ್ಣ ಎದ್ದು ನಿಂತರು.

"ಅಕ್ಕಾರ, ನಮ್ಮ ರೇಖಾ ನೆಲಮನಿಯೊಳಗ ಒಂಬತ್ತ ದಿನಾ ಕುಂತಿದ್ಲು. ಆಕಿ ಫೋನ್ ಹತ್ತಲಾರದ ದಿನ ನಮ್ಮ ಮನ್ಯಾಗ ಒಲಿ ಹೊತ್ತಲಿಲ್ಲ. ಬಾಂಬ್ ಹಾಕಿದ ದೇಶದಾಕಿಗಿ ನಾವು ಇಲ್ಲಿ ಶಾಲ ಹೊಚ್ಚಬೇಕೇನು?"

ನನ್ನ ಕೈ ಕ್ಷಮಿಸಿ ಎಂಬ ಪತ್ರವಿದ್ದ ಕಿಸೆಯ ಕಡೆ ಹೋಯಿತು.

ಶಾಂತವ್ವ ಹೇಳಿದರು: "ಈರಣ್ಣ, ನಿನ್ನ ಸಿಟ್ಟ ಖರೇ ಐತಿ. ಶಾಲ ಹೊಚ್ಚೂದಿಲ್ಲ. ಬಾವುಟ ಹಚ್ಚೂದಿಲ್ಲ. ಕಾಯ್ದೆ ಕೇಳೂದು ಅಷ್ಟ. ಆದರ ಬಾ ಅಂತ ಕೈ ಹಿಡದ ಕರದ ಬಂದೀನಿ. ಈಗ ಬ್ಯಾಡ ಅನ್ನಾಕ ನನ್ನ ಬಾಯಿ ಏಳವಲ್ದು."

"ಮುಂದಿನ ತಿಂಗಳ ನಮ್ಮ ಸಂಘದ ಇಲೆಕ್ಷನ್ ಐತ್ರಿ ಅಕ್ಕಾರ. ಬಬಲೇಶ್ವರದವರು ಅವತ್ತ ಆಟಕ್ಕೂ ಬರೂದಿಲ್ಲ, ಆಮ್ಯಾಲ ನಿಮಗ ಮತಾನೂ ಹಾಕೂದಿಲ್ಲ."

ದೂರದ ಯುದ್ಧವೊಂದು ತಿಕೋಟಾದ ಕುರ್ಚಿಯ ಕಾಲು ಅಲುಗಿಸಿದ್ದು ಹೀಗೆ. ಶಾಂತವ್ವ ನನ್ನ ಕಡೆ ತಿರುಗಿದರು. "ಮಾಸ್ತರ, ಬರಕೋರಿ. ಇವತ್ತಿನಿಂದ ನಾ ಅಧ್ಯಕ್ಷಿ ಅಲ್ಲ. ಏನರ ಹೆಚ್ಚುಕಮ್ಮಿ ಆದರ ಸಂಘದ ಮ್ಯಾಲ ಬರಬಾರದು. ಶೆಡ್ಡ ನಂದು, ಬರೂ ಪಾವಣೇರೂ ನಮ್ಮ ಮನಿ ಅತಿಥಿ. ನಲವತ್ತ ಮಂದ್ಯಾಗ ನಾನೂ ಒಬ್ಬಾಕಿ ಅಂತ ಕೂಡ್ತೀನಿ. ಮತ್ತ ಆಕಿಗಿ ದೇಶದ ಹೆಸರಿಲ್ಲಂದ್ರ ಮಣಿ ಮುಂದಿಡೂ ನನ್ನ ಹೆಸರಿನ ಚೀಟಿ ಮ್ಯಾಲ ತಿಕೋಟಾ ಅಂತಾನೂ ಬರೀಬ್ಯಾಡ್ರಿ."

ಎಂಟು ವರ್ಷ ಕೂತ ಕುರ್ಚಿಯನ್ನು ಅವರು ಚಹಾದ ಕಪ್ಪು ಕೆಳಗಿಟ್ಟಷ್ಟು ಸಲೀಸಾಗಿ ಬಿಟ್ಟರು. ನಾನು ಮನೆಗೆ ಬಂದು ನಲವತ್ತು ಚೀಟಿ ಬರೆದೆ. ಬರೇ ಹೆಸರು. ಯಾವುದಕ್ಕೂ ಊರು ಬರೆಯಲಿಲ್ಲ. ಯಾರೂ ಹೇಳದೆ ನಾನಾಗಿಯೇ ಮಾಡಿದ ಒಂದು ಕೆಲಸ ಅದು. ಇವತ್ತಿಗೂ ಅದರ ಬಗ್ಗೆ ನನಗೆ ಸಣ್ಣ ಜಂಬ ಇದೆ.

ಆ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಇಪ್ಪತ್ತಾರು ಮಂದಿ ಬಂದು ಕುಳಿತರು. ಬಬಲೇಶ್ವರದವರು ಕೂಡಬೇಕಾಗಿದ್ದ ಸಾಲು ಖಾಲಿ. ಇರೀನಾ ಬಾಗಿಲಲ್ಲಿ ನಿಂತು ಆ ಖಾಲಿ ಕುರ್ಚಿಗಳನ್ನು ನೋಡಿದರು. ಯಾರೂ ವಿವರಿಸುವ ಅಗತ್ಯ ಬೀಳಲಿಲ್ಲ. ಶಾಂತವ್ವ ದ್ರಾಕ್ಷಿ ಆರಿಸುವ ಹೆಣ್ಣುಮಕ್ಕಳಲ್ಲಿ ಎಂಟು ಜನರನ್ನು ಕರೆದು ಕೂಡಿಸಿದರು. ಮಧ್ಯಾಹ್ನದ ಬಿಡುವಿನಲ್ಲಿ ಅವರಿಗೆಲ್ಲ ಆಟ ಕಲಿಸಿದ್ದು ನನಗೆ ಅಂದೇ ಗೊತ್ತಾದದ್ದು. ಇನ್ನೂ ಆರು ಕುರ್ಚಿ ಉಳಿದವು.

ಆಗ ಹೊರಗೆ ಟೆಂಪೊ ನಿಂತ ಸಪ್ಪಳ. ಮೊದಲು ಇಳಿದವಳು ರೇಖಾ. ಅವಳ ಹಿಂದೆ ಬಬಲೇಶ್ವರದ ನಾಲ್ವರು, ಎಲ್ಲರ ಹಿಂದೆ ಮುಖ ಗಂಟು ಹಾಕಿಕೊಂಡ ಈರಣ್ಣ. "ನಾ ಬ್ಯಾಡಂದೆ ಸರ," ಎಂದು ನನ್ನ ಕಿವಿಯಲ್ಲಿ ಹೇಳಿದರು. "ಇಕಿ, ಇರೀನಾಗ ಒಂದ ಮಾತ ಕೇಳಬೇಕು ಅಂತ ಹಟಾ ಹಿಡದ್ಲು. ಒಬ್ಬಾಕಿನ್ನ ಹೆಂಗ ಕಳಿಸಲಿ?"

ಆಟ ಶುರುವಾಯಿತು. ಇರೀನಾ ಒಂದೊಂದೇ ಮಣೆಯ ಮುಂದೆ ನಿಂತು ಒಂದೊಂದು ನಡೆ ನಡೆಸುತ್ತ ಸಾಗಿದರು. ರೇಖಾಳ ಮುಂದೆ ಬಂದಾಗ ಅವಳು ಕಾಯಿ ಮುಟ್ಟಲಿಲ್ಲ. ತಲೆ ಎತ್ತಿ, ಓದಲು ಹೋದಾಗ ಕಲಿತ, ಆ ಎರಡೂ ದೇಶಗಳಲ್ಲಿ ನಡೆಯುವ ಭಾಷೆಯಲ್ಲಿ ಏನೋ ಕೇಳಿದಳು. ಇರೀನಾ ಅಲ್ಲಿಯೇ ನಿಂತರು. ತಮ್ಮ ನುಡಿಯನ್ನು ತಿಕೋಟಾದ ಶೆಡ್ಡಿನಲ್ಲಿ ಕೇಳುತ್ತೇನೆಂದು ಅವರು ಕನಸಿನಲ್ಲೂ ಎಣಿಸಿರಲಿಕ್ಕಿಲ್ಲ. ನಿಧಾನವಾಗಿ ಉತ್ತರ ಕೊಟ್ಟರು. ರೇಖಾ ಮತ್ತೆ ಕೇಳಿದಳು. ಅವರು ಮತ್ತೆ ಹೇಳಿದರು. ಮೂವತ್ತೊಂಬತ್ತು ಜನ ಕೈ ಕಟ್ಟಿ ಕುಳಿತಿದ್ದೆವು. ಒಂದು ಅಕ್ಷರವೂ ತಿಳಿಯಲಿಲ್ಲ.

ರೇಖಾ ತಂದೆಯ ಕಡೆ ತಿರುಗಿ ಎಲ್ಲರಿಗೂ ಕೇಳುವಂತೆ ಹೇಳಿದಳು: "ಅಪ್ಪಾ, ಯುದ್ಧ ಶುರು ಆದಾಗ ನೀವು ಏನ ಮಾಡಿದ್ರಿ ಅಂತ ಕೇಳಿದೆ. ಇವರು ಅವರೂರಾಗ ಹೆಣ್ಣಮಕ್ಕಳ ಚೆಸ್ ಸಂಘಕ್ಕ ಅಧ್ಯಕ್ಷಿ ಆಗಿದ್ರಂತ. ಯುದ್ಧ ಬ್ಯಾಡ ಅನ್ನೂ ಕಾಗದಕ್ಕ ಸಹಿ ಹಾಕಿದ್ರಂತ. ಮರುದಿನಾನ ಕುರ್ಚಿ ಹೋತು. ವಾರದಾಗ ಊರೂ ಬಿಟ್ರು. ನಾ ಅಡಗಿ ಕುಂತ ಊರಾಗ ಇವರ ಶಿಷ್ಯೆ ಒಬ್ಬಾಕಿ ಇದ್ಲಂತ. ಆಕಿ ಇನ್ನೂ ಇವರ ಫೋನ್ ಎತ್ತದ ಕಟ್ ಮಾಡ್ತಾಳಂತ. ಕಟ್ ಮಾಡ್ತಾಳ ಅಂದ್ರ ಜೀವಂತ ಅದಾಳ ಅಂತಾದರೂ ಆತಲ್ಲ ಅಂತಾರ."

ಸ್ವಂತ ದೇಶ ಕುರ್ಚಿ ಕಸಿದುಕೊಂಡಿತ್ತು, ಹೊರಗಿನ ಲೋಕ ಬಾವುಟ ಇಳಿಸಿತ್ತು. ಎರಡೂ ಕಡೆಯ ಪೆಟ್ಟು ತಿಂದ ಆ ಹೆಂಗಸು ಈಗ ಕಣ್ಣೊರೆಸಿಕೊಂಡು ರೇಖಾಳ ನಡೆಗಾಗಿ ಕಾಯುತ್ತಿದ್ದರು. ಈರಣ್ಣ ಎದ್ದರು. ಎಲ್ಲಿಗೆ ಹೊರಟರೆಂದು ನನಗೆ ಭಯವಾಯಿತು. ಅವರು ತಾವು ಕುಳಿತಿದ್ದ ಕುರ್ಚಿಯನ್ನೇ ಎತ್ತಿಕೊಂಡು ಹೋಗಿ ಇರೀನಾ ಅವರ ಹಿಂದೆ ಇಟ್ಟರು. "ಕೂಡ್ರಿ ಅಂತ ಹೇಳವಾ. ಆಗಿಂದ ನಿಂತಾರ." ಇಂಥ ಆಟದಲ್ಲಿ ಎಲ್ಲರ ಎದುರು ಆಡುವವರು ಕೂಡುವ ಪದ್ಧತಿ ಇಲ್ಲ. ಆದರೂ ಇರೀನಾ ಒಂದು ನಿಮಿಷ ಕುಳಿತರು. ಆಮೇಲಿನ ಅಷ್ಟೂ ಆಟವನ್ನು ಈರಣ್ಣ ನಿಂತೇ ಆಡಿದರು.

ಮೊದಲು ಸೋತವನು ನಾನು, ಹನ್ನೊಂದನೆಯ ನಡೆಗೆ. ಅದರಿಂದ ಒಂದು ಅನುಕೂಲವಾಯಿತು: ಉಳಿದದ್ದನ್ನೆಲ್ಲ ಕಣ್ತುಂಬ ನೋಡಿದೆ. ಒಬ್ಬೊಬ್ಬರೇ ಎದ್ದರು. ರೇಖಾಳ ಆಟ ಸರಿಸಮ ಆಯಿತು. ಮಧ್ಯಾಹ್ನ ಮೂರಕ್ಕೆ ಉಳಿದದ್ದು ಶಾಂತವ್ವನ ಮಣೆಯೊಂದೇ. ಆನೆ, ಕುದುರೆ, ವಜೀರ ಎಲ್ಲ ಮಣೆಯಿಂದ ಇಳಿದಿದ್ದವು. ಇಬ್ಬರು ರಾಜರು, ನಾಲ್ಕಾರು ಪ್ಯಾದೆಗಳು. ಪುಣೆಯಲ್ಲಿ ಹದಿನೆಂಟು ನಡೆಗೆ ಸೋತವರು ಇಲ್ಲಿ ಐವತ್ತು ದಾಟಿದ್ದರು. ಅಂಚಿನ ಪ್ಯಾದೆಯೊಂದನ್ನು ಕೊನೆಯ ಮನೆ ಮುಟ್ಟಿಸಿ ವಜೀರನನ್ನಾಗಿಸಲು ಶಾಂತವ್ವ ಮುಂದೊತ್ತಿದರು. ಇರೀನಾ ಅದನ್ನು ತಡೆಯಲು ರಾಜನನ್ನು ಓಡಿಸಿದರು. ಮತ್ತೊಂದು ಮನೆ, ಮತ್ತೊಂದು ಮನೆ. ಇರೀನಾ ಬೆರಳೆಣಿಸಿದರು, ಮತ್ತೊಮ್ಮೆ ಎಣಿಸಿದರು, ನಕ್ಕರು. ಅವರ ರಾಜ ಒಂದೇ ಹೆಜ್ಜೆ ಹಿಂದಿದ್ದ.

ಇರೀನಾ ತಮ್ಮ ರಾಜನನ್ನು ಮೆಲ್ಲಗೆ ಮಲಗಿಸಿ, ಶಾಂತವ್ವನ ಕೈ ಹಿಡಿದು ಮೇಲೆತ್ತಿದರು. ಶೆಡ್ಡು ಹಾರಿಹೋಗುವಂಥ ಕೂಗು ಎದ್ದಿತು. ದ್ರಾಕ್ಷಿ ಆರಿಸುವ ಹೆಣ್ಣುಮಕ್ಕಳು ಮೇಜು ಬಡಿದರು. ತಿಕೋಟಾ ಯಾರು, ಬಬಲೇಶ್ವರ ಯಾರು ಎಂದು ಹೇಳಲು ಆಗ ಬರುವಂತಿರಲಿಲ್ಲ. ಎಲ್ಲರಿಗಿಂತ ದೊಡ್ಡದಾಗಿ ಕೂಗಿದವರು ಈರಣ್ಣ: "ನಮ್ಮ ಅಧ್ಯಕ್ಷರು ಗೆದ್ರೋ ಯಪ್ಪಾ!"

"ನಾ ಎಲ್ಲಿ ಅಧ್ಯಕ್ಷಿ? ಬಿಟ್ಟೀನಲ್ಲೋ," ಎಂದರು ಶಾಂತವ್ವ.

"ನೀವು ಬಿಟ್ಟಿರಬೇಕು. ನಾವು ಬಿಟ್ಟಿಲ್ಲ."

ನಾನು ರಾಜ್ಯದ ಸಂಸ್ಥೆಗೆ ನಡೆದದ್ದನ್ನು ನಡೆದಂತೆ ಒಂದು ಪುಟದಲ್ಲಿ ಬರೆದು ಕಳಿಸಿದೆ. ಯಾವ ದೇಶದ ಹೆಸರೂ ಇರಲಿಲ್ಲ, ಯಾವ ಊರಿನ ಹೆಸರೂ ಇರಲಿಲ್ಲ ಎಂದೆ. ವರದಿ ತಲುಪಿತು, ಕ್ರಮ ಸರಿಯಿದೆ ಎಂದು ಎರಡು ಸಾಲು ಬಂತು. ಮುಂದಿನ ತಿಂಗಳು ಶಾಂತವ್ವನ ಹೆಸರು ಸೂಚಿಸಿದವರು ಈರಣ್ಣ. ವಿರುದ್ಧ ಒಬ್ಬರೂ ನಿಲ್ಲಲಿಲ್ಲ.

ನಿರ್ಬಂಧಗಳು ತಪ್ಪು ಎಂದು ನಾನು ಹೇಳಲಾರೆ. ನೆಲಮನೆಯ ಆ ಒಂಬತ್ತು ದಿನ ನೆನೆದರೆ ಬಾವುಟ ಇಳಿಸಿದ್ದು ಸರಿಯೆನಿಸುತ್ತದೆ. ಇರೀನಾ ಅವರನ್ನು ನೆನೆದರೆ, ಬಾವುಟ ಇಳಿಸಿದ ಕೈಯೇ ಒಂದು ಕುರ್ಚಿಯನ್ನೂ ಎಳೆದುಕೊಡಬೇಕು ಎನಿಸುತ್ತದೆ. ದೊಡ್ಡ ಗಾದಿಯವರಿಗೆ ಇದು ಎಷ್ಟು ಕಠಿಣವೋ ತಿಳಿಯದು. ನಮ್ಮ ಶೆಡ್ಡಿನಲ್ಲಿ ಆಗಿದ್ದನ್ನು ಮಾತ್ರ ನಾನು ಕಣ್ಣಾರೆ ಕಂಡಿದ್ದೇನೆ.

ದವಾಖಾನೆಯಲ್ಲಿ ನನ್ನ ಮುಂದೆ ಇನ್ನೂ ನಾಲ್ವರಿದ್ದರು. ಅಷ್ಟರಲ್ಲಿ ಫೋನು ಬಂತು, ಶಾಂತವ್ವನದು.

"ಮಾಸ್ತರ, ನಂದು ಸಾಕ್ರಿ ಇನ್ನ. ಈ ಸಲ ಅಧ್ಯಕ್ಷಗಿರಿಗಿ ನಿಮ್ಮ ಹೆಸರ ಬರ್ಯಾಕತ್ತೇವಿ. ಈರಣ್ಣ ಇಲ್ಲೇ ಅದಾನ, ರೇಖಾನೂ ಅದಾಳ."

"ನನಗ ಆಟಾ ಬರೂದಿಲ್ಲಲ್ರಿ ಅಕ್ಕಾರ."

"ಸೋತ ಮರುವಾರ ಮತ್ತ ಬಂದ ಕೂಡ್ತೀರಿ. ಅಷ್ಟ ಬಂದ್ರ ಸಾಕು."

ಎಂದಿನ ಹಾಗೆ ಎರಡು ದಿನ ಬಿಟ್ಟು ಹೇಳುತ್ತೇನೆ ಎನ್ನಲು ಬಾಯಿ ತೆರೆದೆ. ಬಂದದ್ದು ಬೇರೆ ಮಾತು. "ಆತು, ಬರೀರಿ. ಆದರ ಈ ಸಲದ ಆಟಕ್ಕ ಇರೀನಾ ಅವರ ಜೋಡಿ ಪೆಟ್ಟ ತಿಂದ ದೇಶದಿಂದಾನೂ ಒಬ್ಬರನ್ನ ಕರೀಬೇಕು. ಇರೀನಾ ಅವರ ಎದುರಿಗೆ ಕೂಡ್ತಾರೋ ಇಲ್ಲೋ, ಅದು ಅವರಿಗೆ ಬಿಟ್ಟದ್ದು. ಕರಿಯೂದು ನಮಗ ಬಿಟ್ಟದ್ದು. ಪತ್ರ ನಾ ಬರೀತೀನಿ, ರೇಖಾ ಅದನ್ನ ಆ ದೇಶದವರ ಮಾತಿನಾಗ ಬರೀಲಿ."

ಆ ಕಡೆ ಮೂವರೂ ಒಟ್ಟಿಗೆ ಮಾತಾಡತೊಡಗಿದ್ದರಿಂದ ಏನೂ ತಿಳಿಯಲಿಲ್ಲ. ತಿಳಿಯುವ ಅಗತ್ಯವೂ ಇರಲಿಲ್ಲ. ಸರದಿಯನ್ನು ಪಕ್ಕದವರಿಗೆ ಬಿಟ್ಟುಕೊಟ್ಟು ಎದ್ದೆ. ಹನ್ನೆರಡಕ್ಕೆ ತಿಕೋಟಾದ ಬಸ್ಸಿತ್ತು.