ಕಿವಿ ಮಡಚಿದ ಪುಡಿಕೆ

ಗಂಗಾವತಿಯಲ್ಲಿ ನಮ್ಮ ಸೋದರತ್ತೆಯ ಅಂಗಡಿ ಶಾಲೆಯ ಕಾಂಪೌಂಡಿಗೆ ಬೆನ್ನು ಹಚ್ಚಿಕೊಂಡೇ ಇತ್ತು. ಅಂಗಡಿ ಎಂದರೆ ತಗಡಿನ ಒಂದು ಡಬ್ಬಿ. ಒಳಗೆ ಒಬ್ಬರು ಕೂತರೆ ಎರಡನೆಯವರು ಬಿಸಿಲಲ್ಲಿ ನಿಲ್ಲಬೇಕು. ಬಳಪ, ಪೆನ್ಸಿಲ್ಲು, ಪೆಪ್ಪರಮೆಂಟು, ಹುಣಸೆಹಣ್ಣಿನ ಉಂಡೆ ಇವೆಲ್ಲ ಹೆಸರಿಗೆ ಇದ್ದವು. ನಿಜವಾಗಿ ಅಂಗಡಿ ನಡೆಯುತ್ತಿದ್ದುದು ನಸೀಬ್ ಪುಡಿಕೆಯ ಮೇಲೆ.

ನಸೀಬ್ ಪುಡಿಕೆ ಎಂದರೆ ಅಂಗೈಯಲ್ಲಿ ಮುಚ್ಚಿ ಹಿಡಿಯುವಷ್ಟು ದೊಡ್ಡ ಕಾಗದದ ಪೊಟ್ಟಣ. ಒಳಗೆ ಒಂದು ಚಿಟಿಕೆ ಪುಠಾಣಿ, ಅದರ ನಡುವೆ ಒಂದು ಪ್ಲಾಸ್ಟಿಕ್ ಪ್ರಾಣಿ. ಯಾವ ಪ್ರಾಣಿ ಎಂಬುದು ಬಿಚ್ಚುವ ತನಕ ಗೊತ್ತಾಗುವುದಿಲ್ಲ. ಆನೆ, ಕುದುರೆ, ಒಂಟೆ, ಮೊಲ, ಹಸು ಬೇಕಾದಷ್ಟು ಬರುತ್ತಿದ್ದವು. ಹುಲಿ ಮಾತ್ರ ಬರುತ್ತಿರಲಿಲ್ಲ. ಶಾಲೆಯ ಮಕ್ಕಳೆಲ್ಲ ಆ ಹುಲಿಗಾಗಿ ಪುಡಿಕೆ ಬಿಚ್ಚಿ ಬಿಚ್ಚಿ, ಕಿಸೆಯ ತುಂಬ ಮೊಲ ಇಟ್ಟುಕೊಂಡು ತಿರುಗುತ್ತಿದ್ದರು. ಪುಡಿಕೆ ಮೂಸಿ ನೋಡುವವರು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವವರು, ಕಣ್ಣು ಮುಚ್ಚಿ ದೇವರ ಹೆಸರು ಹೇಳಿ ಎತ್ತುವವರು, ಎಲ್ಲ ತರಹದವರೂ ಇದ್ದರು. ಅತ್ತೆ ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದಳು:

"ನಸೀಬ ನಿಂದು, ಪುಡಿಕಿ ನಂದು. ಆಮ್ಯಾಲೆ ನನ್ನ ಕೇಳಬ್ಯಾಡ."

ಅತ್ತೆಯ ಗಂಡ ರಾಯಚೂರಿನಲ್ಲಿ ಇನ್ನೊಂದು ಸಂಸಾರ ಹೂಡಿದ್ದ. ಅವಳು ಒಂದು ಟ್ರಂಕು ಹೊತ್ತುಕೊಂಡು ತವರಿಗೆ ಬಂದಿದ್ದಳು. ನಮ್ಮ ಮನೆಯಲ್ಲಿ ಅವಳ ಊಟಕ್ಕೆ ಯಾರೂ ಅಡ್ಡ ಬರಲಿಲ್ಲ, ಆದರೆ ಅವಳ ಮಾತಿಗೆ ಯಾರೂ ಕಿವಿಗೊಡಲೂ ಇಲ್ಲ. ಆ ಡಬ್ಬಿ ಅಂಗಡಿಯೊಳಗೆ ಮಾತ್ರ ಅವಳದೇ ರಾಜ್ಯ.

ಹುಲಿ ಯಾಕೆ ಬರುತ್ತಿರಲಿಲ್ಲ ಎಂಬುದು ನನಗೆ ಗೊತ್ತಿತ್ತು. ಹೊಸಪೇಟೆಯಿಂದ ಬಂದ ಪ್ರಾಣಿಗಳ ಚೀಲದಲ್ಲಿ ಹುಲಿ ಇದ್ದದ್ದೇ ಒಂದೋ ಎರಡೋ. ಅವನ್ನೂ ಅತ್ತೆ ತೆಗೆದು ತನ್ನ ಎಲೆ ಅಡಿಕೆ ಸಂಚಿಯಲ್ಲಿ ಇಟ್ಟುಕೊಳ್ಳುತ್ತಿದ್ದಳು. ವ್ಯಾಪಾರ ಸಪ್ಪಗಾದ ದಿನ ಒಂದು ಹುಲಿಯನ್ನು ಪುಡಿಕೆಗೆ ಹಾಕಿ, ಆ ಪುಡಿಕೆಯ ಒಂದು ಮೂಲೆಯನ್ನು ಹಿಂದಕ್ಕೆ ಮಡಚುತ್ತಿದ್ದಳು. ನಾವು ಅದಕ್ಕೆ ಕಿವಿ ಎನ್ನುತ್ತಿದ್ದೆವು. ಮಧ್ಯಾಹ್ನದ ಗಂಟೆ ಹೊಡೆದು ಮಕ್ಕಳು ಮುತ್ತಿದಾಗ ನಾನು ಬಂದು, ಸುಮ್ಮನೆ ಬಂದವಳ ಹಾಗೆ ನಾಲ್ಕು ಪುಡಿಕೆ ಮುಟ್ಟಿ ನೋಡಿ, ಕಿವಿ ಮಡಚಿದ್ದನ್ನು ಎತ್ತಬೇಕು. ಎಲ್ಲರ ಎದುರು ಬಿಚ್ಚಬೇಕು. ಹುಲಿ ಎಂದು ಕೂಗಬೇಕು. ಆಮೇಲೆ ಅರ್ಧ ಗಂಟೆಯಲ್ಲಿ ಅಂಗಡಿ ಖಾಲಿ.

ಸಂಜೆ ಆ ಹುಲಿಯನ್ನು ಅತ್ತೆಗೆ ವಾಪಸು ಕೊಡಬೇಕು. ಇದು ಕರಾರು.

ನಾನಾಗ ನಾಲ್ಕನೇ ಇಯತ್ತೆ. ಇಡೀ ಶಾಲೆಯಲ್ಲಿ ನನ್ನ ಕೈಗುಣ ಹೆಸರುವಾಸಿ. ಹುಡುಗಿಯರು ತಮ್ಮ ಪುಡಿಕೆಯನ್ನು ನನ್ನಿಂದ ಮುಟ್ಟಿಸಿಕೊಂಡು ಬಿಚ್ಚುತ್ತಿದ್ದರು. ಅವರಿಗೆ ಮೊಲ ಬಂದರೂ ಅದರಲ್ಲಿ ಒಂದು ಸುಖವಿತ್ತು ಎಂದು ಈಗ ಅನಿಸುತ್ತದೆ. ಬಿಚ್ಚುವ ಮೊದಲು ಅವರ ಮುಖ ನೋಡಬೇಕಿತ್ತು. ನನ್ನದು ಗಾಣದ ಎತ್ತಿನ ಸುತ್ತು, ಅದೇ ಕಿವಿ, ಅದೇ ಹುಲಿ. ಪ್ರತಿಸಲವೂ ಹುಲಿ ಗೆದ್ದವಳು ನಾನೊಬ್ಬಳೇ, ಮನೆಯಲ್ಲಿ ಒಂದೂ ಹುಲಿ ಇಲ್ಲದವಳೂ ನಾನೇ. ಒಮ್ಮೆ ಕೇಳಿದೆ, ಒಂದು ನನಗೆ ಕೊಡು ಎಂದು. "ನಿನ್ನ ಹಂತೇಕ ಇದ್ರೇನು, ನನ್ನ ಹಂತೇಕ ಇದ್ರೇನು," ಎಂದಳು ಅತ್ತೆ. ಆ ಮಾತು ಹೊಟ್ಟೆಯಲ್ಲಿ ಕೂತುಬಿಟ್ಟಿತು. ಆ ಸಿಟ್ಟು ಎಂಥದೆಂದು ಹೇಳಲು ನನಗೆ ಆಗ ಮಾತು ಇರಲಿಲ್ಲ, ಆದರೆ ಸಿಟ್ಟು ಇತ್ತು.

ಪುಡಿಕೆ ಕಟ್ಟುವ ಕೆಲಸದಲ್ಲಿ ಅತ್ತೆಗೆ ಅಕ್ಕ ನೆರವಾಗುತ್ತಿದ್ದಳು. ಅಕ್ಕ ನನಗಿಂತ ಏಳು ವರ್ಷ ದೊಡ್ಡವಳು. ರದ್ದಿಯಲ್ಲಿ ತಂದ ಹಳೆಯ ಪಠ್ಯಪುಸ್ತಕ, ನೋಟುಬುಕ್ಕಿನ ಹಾಳೆಗಳನ್ನು ಚೌಕಾಗಿ ಕತ್ತರಿಸಬೇಕು. ಅಕ್ಕ ಪ್ರತಿ ಹಾಳೆಯನ್ನೂ ಓದಿಯೇ ಕತ್ತರಿಸುತ್ತಿದ್ದಳು. ಅರ್ಧ ಪಾಠ ಸಿಕ್ಕರೆ ಉಳಿದರ್ಧಕ್ಕೆ ಇಡೀ ಗಂಟು ಹುಡುಕುತ್ತಿದ್ದಳು. "ನೀ ಓದಿ ಮುಗಸೂದ್ರಾಗ ನನ್ನ ಅಂಗಡಿ ಮುಚ್ಚತೈತಿ," ಎಂದು ಅತ್ತೆ ಬೈಯುತ್ತಿದ್ದಳು, ಆದರೆ ಹಾಳೆ ಕಸಿದುಕೊಳ್ಳುತ್ತಿರಲಿಲ್ಲ.

ಆ ವರ್ಷ ಅಕ್ಕ ಎಸ್ಸೆಸ್ಸೆಲ್ಸಿಯನ್ನು ಫಸ್ಟ್ ಕ್ಲಾಸಿನಲ್ಲಿ ಪಾಸಾದಳು. ಬಳ್ಳಾರಿಯಲ್ಲಿ ಎರಡು ವರ್ಷದ ಟೀಚರ್ ಟ್ರೇನಿಂಗಿಗೆ ಫಾರ್ಮು ತುಂಬಿದಳು, ಸೀಟೂ ಬಂತು. ಅದೇ ವಾರ ಶ್ರೀರಾಮನಗರದ ಆಚೆಯ ಹಳ್ಳಿಯಿಂದ ಸಂಬಂಧವೂ ಬಂತು. ಕಾಲುವೆ ನೀರಿನ ಗದ್ದೆ, ಒಬ್ಬನೇ ಮಗ, ಏನೂ ಬೇಡ ಹುಡುಗಿ ಕೊಡಿ ಎನ್ನುವ ಜನ. ಅಪ್ಪ ಕಾಲುವೆಯ ಮೇಲೆ ನೀರು ಬಿಡುವ ಸರ್ಕಾರಿ ಕೆಲಸದವನು. ಗದ್ದೆಯವರ ಹಿಂದೆ ಮುಂದೆ ಓಡಾಡಿಯೇ ಗೊತ್ತು, ಗದ್ದೆ ಕಂಡರೆ ಅವನ ಕಣ್ಣು ತಂಪಾಗುತ್ತಿತ್ತು. ಅಜ್ಜಿಗೂ ಅದೇ ಸರಿ. ಅವ್ವ ಒಲೆಯ ಮುಂದಿನಿಂದ ಏಳಲಿಲ್ಲ. ಅತ್ತೆ ಮಾತ್ರ ಬಾಯಿ ತೆರೆದಳು:

"ಅಣ್ಣಾ, ಆಕಿ ಕೈಯಾಗ ನೌಕರಿ ಇರ್ಲಿ. ನನ್ನಂಗ ಟ್ರಂಕು ಹೊತ್ಗೊಂಡು ಬರೂದು ಬ್ಯಾಡ."

ಗಂಡನ ಬಿಟ್ಟವಳ ಮಾತು ಅಪಶಕುನ ಎಂಬಂತೆ ಅಜ್ಜಿ ಮುಖ ತಿರುಗಿಸಿದಳು. ಅಪ್ಪನಿಗೆ ತಂಗಿಯ ಮಾತು ತೆಗೆದುಹಾಕಲೂ ಆಗಲಿಲ್ಲ. ಕೊನೆಗೆ ಅಜ್ಜಿಯೇ ತೀರ್ಮಾನ ಹೇಳಿದಳು: "ಹೇಮಗುಡ್ಡಕ್ಕ ಹೋಗಿ ದುರ್ಗವ್ವನ್ನ ಕೇಳೂಣು. ಬಿಳಿ ಹೂವು ಬಂದ್ರ ಮದಿವಿ, ಕೆಂಪು ಬಂದ್ರ ಟ್ರೇನಿಂಗು. ಇಕಿ ಎತ್ತಲಿ, ಇಕಿ ಕೈಗುಣ ಛಲೋ ಐತಿ." ಎಲ್ಲರೂ ನನ್ನ ಕಡೆ ನೋಡಿದರು. ಅಕ್ಕನೂ ನೋಡಿದಳು. ಅಕ್ಕನನ್ನು ಯಾರೂ ಏನೂ ಕೇಳಲಿಲ್ಲ.

ಎರಡು ಕಣಗಿಲೆ ಹೂವು, ಒಂದು ಬಿಳಿ, ಒಂದು ಕೆಂಪು. ಮಂಗಳವಾರ ಮುಂಜಾನೆ ಅತ್ತೆಯೇ ಅವನ್ನು ಕಾಗದದಲ್ಲಿ ಕಟ್ಟಿದಳು. ಪುಡಿಕೆ ಕಟ್ಟುವುದರಲ್ಲಿ ಅವಳಿಗಿಂತ ಚೊಕ್ಕ ಕೈ ಯಾರದಿತ್ತು? ಅಜ್ಜಿ ಎದುರಿಗೇ ಕೂತು ನೋಡಿದಳು. ಎರಡನ್ನೂ ಹಿತ್ತಾಳೆ ತಟ್ಟೆಯಲ್ಲಿಟ್ಟು ಟವೆಲ್ಲು ಮುಚ್ಚಿದರು. ಬಸ್ಸಿನಲ್ಲಿ ಆ ತಟ್ಟೆ ಅಕ್ಕನ ತೊಡೆಯ ಮೇಲಿತ್ತು. ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ನನಗೆ ಬಸ್ಸಿನಲ್ಲಿ ನಿದ್ದೆ ಬಂದಿತ್ತು.

ಗುಡಿಯಲ್ಲಿ ಪೂಜಾರಿ ತಟ್ಟೆಯನ್ನು ದೇವಿಯ ಮುಂದೆ ಇಟ್ಟು, ಪುಡಿಕೆಗಳನ್ನು ಅದಲು ಬದಲು ಮಾಡಿ, ಕರ್ಪೂರ ಬೆಳಗಿ, "ತಗೋ ಮಗಳ," ಎಂದರು. ನಾನು ಬಗ್ಗಿದೆ. ಒಂದು ಪುಡಿಕೆಯ ಮೂಲೆ ಹಿಂದಕ್ಕೆ ಮಡಚಿತ್ತು.

ಕಿವಿ.

ನನಗೆ ಕೂಡಲೇ ಅರ್ಥವಾಯಿತು. ಇದು ಅತ್ತೆಯ ಕೆಲಸ, ಇದರಲ್ಲಿ ಕೆಂಪು ಹೂವಿದೆ. ತಲೆಯೆತ್ತಿ ನೋಡಿದೆ. ಅತ್ತೆ ಕಂಬದ ಹತ್ತಿರ ನಿಂತಿದ್ದಳು, ಅವಳ ಕಣ್ಣೂ ಆ ಕಿವಿಯ ಮೇಲಿತ್ತು. ಅಕ್ಕ ಕೈಮುಗಿದು ನಿಂತಿದ್ದಳು, ಕಣ್ಣು ಮುಚ್ಚಿರಲಿಲ್ಲ, ನನ್ನ ಕೈಯನ್ನೇ ನೋಡುತ್ತಿದ್ದಳು. ಬಳ್ಳಾರಿ, ಗದ್ದೆ, ಮದುವೆ ಒಂದೂ ನನ್ನ ತಲೆಯಲ್ಲಿರಲಿಲ್ಲ ಎಂದು ಹೇಳಿದರೆ ನಂಬಬೇಕು. ಇಲ್ಲಿಯೂ ನಾನು ಅತ್ತೆ ಹೇಳಿದ್ದನ್ನೇ ಎತ್ತಬೇಕೇ ಎಂಬುದೊಂದೇ ಇತ್ತು. ಒಂದು ಸಲ, ಒಂದೇ ಒಂದು ಸಲ, ಏನಿದೆಯೆಂದು ಗೊತ್ತಿಲ್ಲದವರ ಹಾಗೆ ಎತ್ತಿ ನೋಡಬೇಕು ಅನಿಸಿತು.

ಕಿವಿಯಿಲ್ಲದ ಪುಡಿಕೆ ಎತ್ತಿದೆ. ಬಿಳಿ ಹೂವು.

ಅಜ್ಜಿ ಗಲ್ಲ ಗಲ್ಲ ಬಡಿದುಕೊಂಡು ದೇವಿಗೆ ಅಡ್ಡಬಿದ್ದಳು. ಅಪ್ಪ ಕಾಯಿ ಒಡೆಸಿದ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅನ್ನುತ್ತಾರೆ. ಇಲ್ಲಿ ದೇವರ ಮೇಲೂ ತಪ್ಪಿಲ್ಲ, ಪೂಜಾರಿಯ ಮೇಲೂ ಇಲ್ಲ. ಬಿಚ್ಚುವಾಗ ಎದೆಯಲ್ಲಿ ಏನೋ ಆಗುತ್ತದೆ ಎಂದು ಕಾದಿದ್ದೆ. ಏನೂ ಆಗಲಿಲ್ಲ, ಇದರೊಳಗೇನಿದೆ ಎಂಬುದೂ ಗೊತ್ತೇ ಇತ್ತಲ್ಲ. ಹಿಂದಿರುಗಿ ನೋಡಿದಾಗ ಅಕ್ಕ ಕಣ್ಣು ಮುಚ್ಚಿಕೊಂಡಿದ್ದಳು.

ಮರುದಿನ ಅಂಗಡಿಗೆ ಹೋದೆ. ಅತ್ತೆ ಬೈಯಲಿಲ್ಲ. ಸಂಚಿಯಿಂದ ಹುಲಿ ತೆಗೆದು ನನ್ನ ಕೈಯಲ್ಲಿಟ್ಟಳು.

"ತಗೋ. ಇನ್ನ ಇದು ನಿಂದಽ. ಇನ್ನ ಮ್ಯಾಲೆ ಪುಡಿಕಿ ಎತ್ತಾಕ ಬರಬ್ಯಾಡ."

ಹುಲಿಯನ್ನು ಮನೆಗೆ ತಂದು ಗೋಡೆಯ ಗೂಡಿನಲ್ಲಿಟ್ಟೆ. ಒಂದು ದಿನವೂ ಅದರ ಜೊತೆ ಆಡಲಿಲ್ಲ. ಸುಣ್ಣ ಹಚ್ಚುವಾಗ ಅದನ್ನು ಎತ್ತಿ, ಒಣಗಿದ ಮೇಲೆ ಅಲ್ಲಿಯೇ ಇಡುತ್ತಿದ್ದೆ. ಅಷ್ಟೇ.

ಅಕ್ಕನ ಮದುವೆಯಾಯಿತು. ಭಾವ ಕೆಟ್ಟವನಲ್ಲ. ಕುಡಿಯುವುದಿಲ್ಲ, ಕೈ ಎತ್ತುವುದಿಲ್ಲ, ಮಾತೂ ಕಡಿಮೆ. ಭಾವ ಕೆಟ್ಟವನಾಗಿದ್ದರೆ ನನಗೆ ಅಳುವುದಕ್ಕಾದರೂ ಒಂದು ದಾರಿ ಇರುತ್ತಿತ್ತೇನೋ. ಆಕೆ ವರ್ಷಕ್ಕೆ ಎರಡು ಬೆಳೆ ಭತ್ತದ ಸಸಿ ನಾಟಿದಳು. ಕಾಲಿನ ಬೆರಳ ಸಂದಿಗಳು ಕೆಸರು ನೀರಿಗೆ ಕೊಳೆತು ಬಿಳಿಯಾಗಿರುತ್ತಿದ್ದವು, ಅದಕ್ಕೆ ರಾತ್ರಿ ಅರಿಶಿನ ಹಚ್ಚಿಕೊಳ್ಳುತ್ತಿದ್ದಳು. ಕಿರಾಣಿ ಸಾಮಾನು ಕಟ್ಟಿಕೊಟ್ಟ ಕಾಗದವನ್ನು ಓದದೆ ಒಲೆಗೆ ಹಾಕುತ್ತಿರಲಿಲ್ಲ. ಓದುವಾಗ ಯಾರಾದರೂ ಬಂದರೆ ಬೇಗ ಮುದುಡಿ ಬೆಂಕಿಗೆ ಎಸೆಯುತ್ತಿದ್ದಳು.

ನನ್ನ ಸರದಿ ಬಂದಾಗ ಯಾರೂ ಹೂವು ಕೇಳಲಿಲ್ಲ. ಅಜ್ಜಿ ತೀರಿಕೊಂಡಿದ್ದಳು, ಅಪ್ಪ ಮೆತ್ತಗಾಗಿದ್ದ. ಟ್ರೇನಿಂಗಿನ ಖರ್ಚನ್ನು ಅತ್ತೆ ಅಂಗಡಿಯಿಂದ ಹೊಂದಿಸಿದಳು. ನಾನು ಬಳ್ಳಾರಿಯಲ್ಲಿ ಎರಡು ವರ್ಷ ಓದಿ ಯಲಬುರ್ಗಾ ತಾಲೂಕಿನ ಒಂದು ಶಾಲೆಗೆ ಟೀಚರಾದೆ. ಮೊದಲ ದಿನ ಕರಿಹಲಗೆಯ ಮುಂದೆ ನಿಂತಾಗ, ಇದು ಬೇರೆಯವರ ಊಟದ ತಾಟು, ತಪ್ಪಿ ನನ್ನ ಮುಂದೆ ಬಂದಿದೆ ಅನಿಸಿತು. ಆದರೂ ಉಂಡೆ. ಸಂಬಳ ತಗೊಂಡೆ, ಪಾಠ ಮಾಡಿದೆ, ಹಬ್ಬಕ್ಕೆ ಅಕ್ಕನಿಗೆ ಸೀರೆ ಒಯ್ದೆ. ಅಕ್ಕ ಸೀರೆಯ ಬಣ್ಣ ಚೆನ್ನಾಗಿದೆ ಎನ್ನುತ್ತಿದ್ದಳು, ನಾನು ಹೂಂ ಎನ್ನುತ್ತಿದ್ದೆ. ಆ ಮಂಗಳವಾರದ ಬಗ್ಗೆ ನಮ್ಮಿಬ್ಬರ ನಡುವೆ ಒಂದು ಮಾತೂ ಬರಲಿಲ್ಲ.

ಎಂಬತ್ತರ ದಶಕ ಮುಗಿಯುತ್ತ ಬಂದಾಗ ಅಕ್ಕನ ಮಗಳು ಏಳನೇ ತರಗತಿ ಮುಗಿಸಿದಳು. ಮುಂದೆ ಹೈಸ್ಕೂಲಿಗೆ ಗಂಗಾವತಿಯಲ್ಲಿ ಇಟ್ಟು ಓದಿಸಬೇಕು ಎಂದು ಅಕ್ಕ, ಮನೆಯಲ್ಲಿ ಕೈಗೆ ಆಳಾಗುತ್ತಾಳೆ ಎಂದು ಭಾವನ ತಾಯಿ. ಆ ಮುದುಕಿಗೂ ನನ್ನ ಕೈಗುಣದ ಕತೆ ಗೊತ್ತಿತ್ತು. ಅಂಥ ಸೊಸೆಯನ್ನು ಮನೆಗೆ ತಂದ ಬಿಳಿ ಹೂವು ಎತ್ತಿದವಳು ನಾನೇ ಅಲ್ಲವೇ? "ನಿನ್ನ ತಂಗೀನ ಕರಸು, ಮನಿ ದೇವರ ಮುಂದಽ ಕೇಳೂಣು. ಬಿಳಿ ಬಂದ್ರ ಸಾಲಿ, ಕೆಂಪು ಬಂದ್ರ ಮನಿ," ಎಂದಳಂತೆ. ನಾನು ಒಂದು ದಿನ ರಜೆ ಹಾಕಿ ಹೋದೆ.

ದೇವರ ಜಗುಲಿಯ ಮುಂದೆ ಮುದುಕಿ ಕೂತಿದ್ದಳು. ಹುಡುಗಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಅಕ್ಕ ಒಳಗಿನಿಂದ ತಟ್ಟೆ ತಂದು ಇಟ್ಟಳು. ಎರಡು ಪುಡಿಕೆ, ಕಟ್ಟಿದ್ದು ಯಾವುದೋ ಪಠ್ಯಪುಸ್ತಕದ ಹಾಳೆಯಲ್ಲಿ. ಒಂದರ ಮೂಲೆ ಹಿಂದಕ್ಕೆ ಮಡಚಿತ್ತು.

ನಾನು ಅಕ್ಕನ ಮುಖ ನೋಡಿದೆ. ಅಕ್ಕ ನನ್ನ ಕೈ ನೋಡುತ್ತಿದ್ದಳು. ಕಿವಿ ಮಡಚುವುದು ಅತ್ತೆಗೂ ನನಗೂ ಮಾತ್ರ ಗೊತ್ತು ಎಂದು ಅಷ್ಟು ವರ್ಷ ತಿಳಿದಿದ್ದೆ. ಮಡಚಿದ್ದನ್ನು ಎತ್ತಿ ಮುದುಕಿಗೆ ಕೊಟ್ಟೆ. ಅವಳು ಬಿಚ್ಚಿದಳು. ಬಿಳಿ ಕಣಗಿಲೆ. "ಆತು, ದೇವರಽ ಹೇಳಿದ ಮ್ಯಾಲೆ ಇನ್ನೇನೈತಿ," ಎಂದು ಎದ್ದು ಹೋದಳು. ಹುಡುಗಿ ಅಂಗಳಕ್ಕೆ ಓಡಿದಳು.

ಅಡುಗೆಮನೆಯಲ್ಲಿ ಅಕ್ಕ ಚಹಾಕ್ಕೆ ಇಟ್ಟಳು. ನಾನು ಒಲೆಯ ಪಕ್ಕ ಕೂತೆ.

"ಕಿವಿ ಮಡಚೂದು ನಿನಗ ಅತ್ತಿ ಹೇಳಿದ್ಲೇನ?"

"ಹೇಳೂದೇನೈತಿ. ದಿನಾ ಪುಡಿಕಿ ಕಟ್ಟಾಕಿ ನಾನು, ನನಗ ಕಾಣತಿದ್ದಿಲ್ಲೇನ?" ಅಕ್ಕ ಬೆಲ್ಲ ಹಾಕಿ ಕಲಕಿದಳು. "ಹೇಮಗುಡ್ಡಕ್ಕ ಹೋದಾಗ ಮಡಚಿದಾಕೀನೂ ನಾನಽ. ಅತ್ತಿ ಅಲ್ಲ. ಅತ್ತಿ ಕಟ್ಟೂಮುಂದ ನೋಡಿ ಇಟ್ಟಿದ್ದೆ, ಬಸ್ಸಿನಾಗ ಟವಲ್ಲಿನ ಒಳಗ ಕೈ ಹಾಕಿ ಮಡಚಿದೆ. ನೀ ಸಣ್ಣಾಕಿ ಇದ್ದಿ, ನಿನಗ ಕಂಡಿರಾಕಿಲ್ಲ ಬಿಡು."

ಅಲ್ಲಿಗೇ ಬಿಡಬಹುದಿತ್ತು. ಅವಳೇ ನನಗೊಂದು ದಾರಿ ಮಾಡಿಕೊಟ್ಟಿದ್ದಳು.

"ಕಂಡಿತ್ತು, ಅಕ್ಕಾ," ಎಂದೆ.

ಅವಳು ಚಹಾ ಸೋಸುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿದಳು. ಸಿಟ್ಟಿರಲಿಲ್ಲ. "ಮತ್ತ?" ಎಂದು ಕೇಳಿದಳು.

"ಅತ್ತಿ ಮಡಚ್ಯಾಳ ಅನ್ಕೊಂಡೆ. ದಿನಾ ಆಕಿ ತೋರಿಸಿದ್ದಽ ಎತ್ತಿ ಎತ್ತಿ ಸಾಕಾಗಿತ್ತು. ಒಮ್ಮೆರ ನಾನಽ ಆರಿಸಬೇಕು ಅನಿಸ್ತು."

ಅಕ್ಕ ಉಳಿದ ಚಹಾ ಸೋಸಿದಳು.

"ಬಸ್ಸಿನಾಗ ನನಗೂ ಅದಽ ಅನಿಸಿತ್ತು," ಎಂದಳು. ಆಮೇಲೆ ಕಪ್ಪು ತುಂಬಿಸಿ ನನ್ನ ಮುಂದೆ ಇಟ್ಟಳು.